ಗ್ರೈಂಡರ್ ಸುಡುವ ಮುನ್ನ

ಕೆಟ್ಟುಹೋದ ಹ್ಯಾಂಡ್ ಗ್ರೈಂಡರನ್ನು ಕೌಂಟರಿನ ಮೇಲೆ ಇಟ್ಟ ಕೂಡಲೇ ಪಳಗಿದ ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಾಕುವುದು ಯಂತ್ರದ ಹಿಂಭಾಗಕ್ಕೆ. ಅಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕಪ್ಪು ಮುಚ್ಚಳಗಳಿರುತ್ತವೆ. ಕೆಲವು ಮಾದರಿಗಳಲ್ಲಿ ಹಿಂದಿನ ಇಡೀ ಕವಚವನ್ನೇ ಬಿಚ್ಚಬೇಕು. ಬಿಚ್ಚಿದರೆ ಸ್ಪ್ರಿಂಗ್ ಸಮೇತ ಒಂದು ಕರಿಯ ತುಂಡು ಹೊರಗೆ ಜಿಗಿಯುತ್ತದೆ. ಅದೇ ಕಾರ್ಬನ್. ಅದರ ಉದ್ದ ನೋಡಿದ ಮೇಲೆಯೇ ಮಾತುಕತೆ.

"ಅಣ್ಣ, ಕಾಯಿಲ್ ಹೋಗಿರ್ಬೇಕು, ಸ್ವಲ್ಪ ನೋಡಿ."

"ಕಾಯಿಲ್ ಆಮೇಲೆ ನೋಡೋಣ. ಕಾರ್ಬನ್ ಯಾವಾಗ ಹಾಕ್ಸಿದ್ದೆ?"

"ತಗೊಂಡಾಗಿಂದ ಹಾಕ್ಸೇ ಇಲ್ಲ."

"ಕಿಡಿ ಜಾಸ್ತಿ ಬರ್ತಿತ್ತಾ?"

"ಬರ್ತಿತ್ತು. ಓಡ್ತಿದೆಯಲ್ಲ ಅಂತ ಬಿಟ್ಟೆ."

ಬೆಂಗಳೂರಿನ ಎಸ್‌ಜೆಪಿ ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹಿಂದಿನ ರೀವೈಂಡಿಂಗ್ ಅಂಗಡಿಯವರೆಗೆ ಈ ಸಂಭಾಷಣೆ ಹೆಚ್ಚುಕಡಿಮೆ ಇದೇ ರೀತಿ ನಡೆಯುತ್ತದೆ. ಗಿರಾಕಿಯ ಕೊನೆಯ ಮಾತಿನಲ್ಲಿ ಯಂತ್ರದ ಸಾವಿನ ಕಾರಣ ಪೂರ್ತಿಯಾಗಿ ಇದೆ. ನೂರು ರೂಪಾಯಿಯೊಳಗೆ ಜೋಡಿ ಸಿಗುವ ಕಾರ್ಬನ್ ಸವೆದಾಗ ಬದಲಿಸದೆ ಹೋದರೆ, ಅದು ಹೊಸ ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ನುಂಗುವ, ಮೋಟಾರಿನೊಳಗೆ ತಿರುಗುವ ಆರ್ಮೇಚರನ್ನು ಸುಟ್ಟುಕೊಂಡೇ ಹೋಗುತ್ತದೆ. ಗುಜರಿಗೆ ಬೀಳುವ ಗ್ರೈಂಡರುಗಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು ಇಷ್ಟೇ: ಇವುಗಳಲ್ಲಿ ಬಹುಪಾಲು ಇನ್ನೂ ಓಡಬಹುದಿತ್ತು, ಕೆಡುತ್ತಿದ್ದೇನೆಂದು ಅವು ಮೊದಲೇ ತಿಳಿಸಿದ್ದವು.

ಎಜಿ4 ಎಂದು ಅಂಗಡಿಯವರು ಕರೆಯುವ ನಾಲ್ಕಿಂಚಿನ ಗ್ರೈಂಡರ್ ಇಂದು ಕರ್ನಾಟಕದಲ್ಲಿ ಎಲ್ಲಿಲ್ಲ? ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಶೆಡ್ಡಿನಲ್ಲಿ ಇದೆ, ಟೈಲ್ಸ್ ಹಾಕುವವರ ಚೀಲದಲ್ಲಿ ಇದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಎರಕದ ಮೈಮೇಲಿನ ಅಂಚು ತೆಗೆಯುವುದು ಇದರ ಅಣ್ಣಂದಿರು. ಮಾಲೂರು ತಾಲ್ಲೂಕಿನ ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ ಉಳಿ ಸುತ್ತಿಗೆಗಿಂತ ಮೊದಲು ಕಲ್ಲಿನ ಮೇಲೆ ಇಳಿಯುವುದು ಡೈಮಂಡ್ ಬ್ಲೇಡ್ ಹಾಕಿದ ಈ ಯಂತ್ರ. ಕಲ್ಲಿನ ಒಡ್ಡೊಡ್ಡು ಭಾಗವನ್ನು ಕಟ್ ಹಾಕಿ ಎಬ್ಬಿಸಿ, ಆಮೇಲೆ ಉಳಿಗೆ ಕೈಹಾಕುತ್ತಾರೆ. ದಿನಗೂಲಿಯವನ ಕೈಯಲ್ಲಿರುವ ಗ್ರೈಂಡರ್ ನಿಂತರೆ ಅವತ್ತಿನ ಕೂಲಿಯೂ ನಿಲ್ಲುತ್ತದೆ. ಆದ್ದರಿಂದ ಇದರ ರಿಪೇರಿ ಹವ್ಯಾಸಿಗಳ ಕುತೂಹಲಕ್ಕಷ್ಟೇ ಬಿಟ್ಟ ವಿಷಯವಲ್ಲ, ಸಂಸಾರ ನಡೆಯುವ ವಿಷಯ.

ಯಂತ್ರದ ವಂಶ ಜರ್ಮನಿಯದು. ಸ್ಟಟ್‌ಗಾರ್ಟಿನ ಫೈನ್ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ಮೊದಲ ವಿದ್ಯುತ್ ಡ್ರಿಲ್ ಮಾಡಿತು. ಇಂದಿನ ವೇಗದ ಆ್ಯಂಗಲ್ ಗ್ರೈಂಡರ್ ಬಂದದ್ದು 1954ರಲ್ಲಿ, ಫ್ಲೆಕ್ಸ್ ಕಂಪನಿಯಿಂದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನಲ್ಲಿ ಆಲ್ಬರ್ಟ್ ಡ್ರೆಮೆಲ್ 1932ರಲ್ಲಿ ಶುರುಮಾಡಿದ ಕಂಪನಿ ಬೆರಳುಗಳ ನಡುವೆ ಹಿಡಿದು ಕೆತ್ತುವ ಸಣ್ಣ ಯಂತ್ರಕ್ಕೆ ಹೆಸರಾಯಿತು. 1993ರಿಂದ ಅದು ಬಾಷ್ ಕುಟುಂಬದಲ್ಲಿದೆ. ಬಾಷ್‌ಗೆ ಸೇರಿದ ಆಡುಗೋಡಿಯ ಮೈಕೋ ಕಾರ್ಖಾನೆಯನ್ನು ದಶಕಗಳ ಕಾಲ ಕಂಡ ಬೆಂಗಳೂರಿಗರಿಗೆ ಬಾಷ್ ಹೊಸ ಹೆಸರಲ್ಲ. ಉತ್ತರ ಕರ್ನಾಟಕದ ಶೆಡ್ಡುಗಳಲ್ಲಿ ಗಡಿಯಾಚೆಯ ಶಿರೋಳದಲ್ಲಿ ತಯಾರಾಗುವ ಕೆಪಿಟಿ ಯಂತ್ರಗಳೂ ಪರಿಚಿತ. ಹೆಸರು, ಬಣ್ಣ ಯಾವುದೇ ಇರಲಿ, ತಂತಿಯಿಂದ ಓಡುವ ಇವೆಲ್ಲವುಗಳ ಹೊಟ್ಟೆಯಲ್ಲಿರುವುದು ಒಂದೇ ಜಾತಿಯ ಮೋಟಾರು. ಅದನ್ನು ಅರ್ಥಮಾಡಿಕೊಂಡರೆ ಅರ್ಧ ರಿಪೇರಿ ಆದಂತೆ.

ತೋಟದ ಪಂಪಿನಲ್ಲಿ, ಫ್ಯಾನಿನಲ್ಲಿ ಇರುವ ಇಂಡಕ್ಷನ್ ಮೋಟಾರು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ನಿಮಿಷಕ್ಕೆ 3,000 ಸುತ್ತು ಮೀರಲಾರದು. ಅದರ ವೇಗ ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದದ್ದು. ಆದರೆ ನಾಲ್ಕಿಂಚಿನ ಗ್ರೈಂಡರಿನ ಚಕ್ರ ನಿಮಿಷಕ್ಕೆ ಹನ್ನೊಂದು ಹನ್ನೆರಡು ಸಾವಿರ ಸುತ್ತು ತಿರುಗಬೇಕು. ಗೇರಿನ ಈಚೆ ಇರುವ ಆರ್ಮೇಚರ್ ಸುಮಾರು ಮೂರು ಪಟ್ಟು ವೇಗದಲ್ಲಿ. ಅದಕ್ಕಾಗಿ ಇಲ್ಲಿ ಯೂನಿವರ್ಸಲ್ ಮೋಟಾರನ್ನು ಇಡುತ್ತಾರೆ. ಎಸಿ, ಡಿಸಿ ಎರಡರಲ್ಲೂ ಓಡುತ್ತದೆಂದು ಆ ಹೆಸರು. ಹೊರಗೆ ಅಲುಗಾಡದೆ ಕೂತ ಫೀಲ್ಡ್ ಕಾಯಿಲ್, ಒಳಗೆ ತಿರುಗುವ ಆರ್ಮೇಚರ್, ಎರಡೂ ಒಂದೇ ಸರಣಿಯಲ್ಲಿ. ತಿರುಗುತ್ತಿರುವ ಆರ್ಮೇಚರಿಗೆ ಕರೆಂಟ್ ತಲುಪಿಸಬೇಕಲ್ಲ, ಆ ಸಂಪರ್ಕಕ್ಕೆ ಇರುವುದು ಕಾರ್ಬನ್. ಆರ್ಮೇಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ಕಮ್ಯುಟೇಟರ್ ಇರುತ್ತದೆ. ಎರಡೂ ಕಡೆಯಿಂದ ಕಾರ್ಬನ್ ಅದನ್ನು ಒತ್ತಿಹಿಡಿದು ಉಜ್ಜುತ್ತಿರುತ್ತದೆ. ಉಜ್ಜುವ ಕಡೆ ಸವೆತ, ಬಿಟ್ಟು ಹಿಡಿಯುವ ಕಡೆ ಕಿಡಿ.

ನಮ್ಮ ಅಡುಗೆಮನೆಯ ಮಿಕ್ಸಿಯೊಳಗೂ ಇರುವುದು ಇದೇ ಮೋಟಾರು. ಹಾಗಾಗಿಯೇ ಮಿಕ್ಸಿ ರಿಪೇರಿಯವನ ಅಂಗಡಿಯಲ್ಲಿ ಗ್ರೈಂಡರುಗಳೂ ಸಾಲುಗಟ್ಟಿರುತ್ತವೆ. ವ್ಯತ್ಯಾಸ ಒಂದಿದೆ, ಅದು ದೊಡ್ಡದು. ಉದ್ದಿನಬೇಳೆ ಗಟ್ಟಿಯಾಗಿ ಮಿಕ್ಸಿ ಸಿಕ್ಕಿಕೊಂಡರೆ ಅಡಿಯಲ್ಲಿರುವ ಕೆಂಪು ಗುಂಡಿ ಹಾರಿ ಮೋಟಾರನ್ನು ಉಳಿಸುತ್ತದೆ. ಸಾಧಾರಣ ಬೆಲೆಯ ಗ್ರೈಂಡರುಗಳಲ್ಲಿ ಅಂಥ ಕಾವಲುಗಾರ ಇರುವುದಿಲ್ಲ. ಕಾವಲು ಕಾಯಬೇಕಾದದ್ದು ಹಿಡಿದವನ ಕಣ್ಣು, ಕಿವಿ, ಮೂಗು.

ಮೊದಲು ಕಣ್ಣಿನ ಮಾತು. ಹಿಂದಿನ ಗಾಳಿಕಿಂಡಿಯಲ್ಲಿ ಇಣುಕಿದರೆ ಆರೋಗ್ಯವಂತ ಯಂತ್ರದಲ್ಲೂ ಕಾರ್ಬನ್ ತುದಿಯಲ್ಲಿ ಸಣ್ಣ ನೀಲಿ ಚುಕ್ಕೆಗಳು ಕಾಣುತ್ತವೆ. ಅದಕ್ಕೆ ಹೆದರಬೇಕಿಲ್ಲ. ಹೊಸ ಕಾರ್ಬನ್ ಹಾಕಿದಾಗಲೂ ತುದಿ ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳುವವರೆಗೆ ಕಿಡಿ ಸ್ವಲ್ಪ ಹೆಚ್ಚೇ. ಭಾರ ಹಾಕದೆ ಕೆಲವು ನಿಮಿಷ ಖಾಲಿ ಓಡಿಸಿದರೆ ತಗ್ಗುತ್ತದೆ. ಕಿಡಿ ಹಳದಿಗೆ ತಿರುಗಿ, ಉದ್ದವಾಗಿ, ಕಮ್ಯುಟೇಟರಿನ ಸುತ್ತ ಬಳೆಯಂತೆ ಹರಡಿತೋ, ಆ ಕ್ಷಣವೇ ಸ್ವಿಚ್ ಬಿಡಬೇಕು. ಆ ಬೆಂಕಿಬಳೆಗೆ ಕಾರಣಗಳು ಹಲವು. ಕಾರ್ಬನ್ ಗಿಡ್ಡವಾಗಿ ಸ್ಪ್ರಿಂಗಿನ ಒತ್ತಡ ಸಾಲದೆ ಹೋಗಿರಬಹುದು. ಉದ್ದ ಸಾಕಷ್ಟಿದ್ದರೂ ಧೂಳು ಕಟ್ಟಿ ಕಾರ್ಬನ್ ತನ್ನ ಗೂಡಿನಲ್ಲೇ ಸಿಕ್ಕಿಕೊಂಡಿರಬಹುದು. ಕಮ್ಯುಟೇಟರ್ ಕಪ್ಪುಗಟ್ಟಿರಬಹುದು. ಹಿಂದಿನ ಸಣ್ಣ ಬೇರಿಂಗ್ ಸವೆದು ಆರ್ಮೇಚರ್ ನಡುಗುತ್ತಿದ್ದರೆ ಕಾರ್ಬನ್ ಕುಣಿದು ಕುಣಿದು ಕಿಡಿ ಹಾರಿಸುತ್ತದೆ. ಕೊನೆಗೆ, ಆರ್ಮೇಚರಿನ ಸುರುಳಿಯೇ ಒಳಗೆ ಕಡಿದೋ ಒಂದಕ್ಕೊಂದು ತಾಗಿಯೋ ಇರಬಹುದು.

ಅಗ್ಗದ ಕಾರಣದಿಂದ ಶುರುಮಾಡಿ ದುಬಾರಿ ಕಾರಣದ ಕಡೆಗೆ ಹೋಗಬೇಕು ಎಂಬುದು ಈ ಕೆಲಸದ ದೊಡ್ಡ ಶಿಸ್ತು. ಅದನ್ನು ಬಿಟ್ಟು ನೇರ ಆರ್ಮೇಚರ್ ಬದಲಿಸುವ ಮೆಕ್ಯಾನಿಕ್ ಕೂಡ ಇದ್ದಾನೆ. ಅವನು ಹಾಕಿದ ಹೊಸ ಆರ್ಮೇಚರ್ ಹಳೆಯ ಸವೆದ ಬೇರಿಂಗಿನಲ್ಲಿ ಕುಣಿದು ಸ್ವಲ್ಪ ಕಾಲದಲ್ಲೇ ಮತ್ತೆ ಸುಡುತ್ತದೆ, ಗಿರಾಕಿ ಬೈಯುವುದು ಕಂಪನಿಯನ್ನು.

ಪ್ಲಗ್ ಕಿತ್ತು ಪಕ್ಕಕ್ಕಿಟ್ಟ ಮೇಲೆಯೇ ಕೈಹಾಕುವುದು. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಸ್ವಿಚ್ ಆಫ್ ಆಗಿದೆ ಎಂಬ ನಂಬಿಕೆಯ ಮೇಲೆ ಚಕ್ರ ಬಿಚ್ಚಲು ಹೋಗಬಾರದು, ಯಾಕೆಂದರೆ ಧೂಳು ತುಂಬಿದ ಜಾರುಸ್ವಿಚ್ ಆನ್ ಸ್ಥಿತಿಯಲ್ಲೇ ಕಚ್ಚಿಕೊಳ್ಳುವುದು ಈ ಯಂತ್ರದ ಮಾಮೂಲಿ ರೋಗ. ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕೆಲಸದ ಮಧ್ಯೆ ಕರೆಂಟ್ ಹೋಗುತ್ತದೆ, ಕೆಲಸಗಾರ ಗ್ರೈಂಡರನ್ನು ನೆಲಕ್ಕಿಟ್ಟು ಟೀ ಕುಡಿಯಲು ಹೋಗುತ್ತಾನೆ, ಸ್ವಿಚ್ ಆನ್ ಇದ್ದದ್ದು ಮರೆತಿರುತ್ತದೆ. ಕರೆಂಟ್ ಬಂದ ಗಳಿಗೆಯಲ್ಲಿ ಯಂತ್ರ ತಾನಾಗಿ ಎದ್ದು ನೆಲದ ಮೇಲೆ ಹೊರಳಾಡುತ್ತದೆ. ಒಳ್ಳೆಯ ಮಾದರಿಗಳಲ್ಲಿ ಹೀಗೆ ತಾನಾಗಿ ಶುರುವಾಗದಂತೆ ತಡೆ ಇರುತ್ತದೆ. ಇಲ್ಲದವರು ಕರೆಂಟ್ ಹೋದ ಕೂಡಲೇ ಪ್ಲಗ್ ಕೀಳುವ ರೂಢಿ ಮಾಡಿಕೊಳ್ಳಬೇಕು.

ಯಂತ್ರ ಪೂರ್ತಿ ಸತ್ತಿದೆಯೇ, ಬಿಟ್ಟು ಬಿಟ್ಟು ಓಡುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಬಿಟ್ಟು ಬಿಟ್ಟು ಓಡುವುದಾದರೆ, ಕೇಬಲ್ ಹಿಡಿಕೆಯೊಳಗೆ ಹೋಗುವ ಜಾಗದಲ್ಲಿ ಹಿಡಿದು ಬಾಗಿಸಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ದಿನವೂ ಅಲ್ಲೇ ಮಡಚಿ ಮಡಚಿ ಹೊರಗಿನ ರಬ್ಬರ್ ನೆಟ್ಟಗಿದ್ದರೂ ಒಳಗಿನ ತಾಮ್ರದ ಎಳೆಗಳು ಕಡಿದಿರುತ್ತವೆ. ಆ ಗೇಣುದ್ದವನ್ನು ಕತ್ತರಿಸಿ ಎಸೆದು, ಉಳಿದ ಕೇಬಲನ್ನು ಮತ್ತೆ ಒಳಗೆ ಕಟ್ಟಿ, ಬಾಗು ತಡೆಯುವ ರಬ್ಬರ್ ತೋಳನ್ನು ಮರೆಯದೆ ಹಾಕಿದರೆ ಯಂತ್ರ ಎದ್ದಿತು. ತೋಳು ಹಾಕದೆ ಬಿಟ್ಟರೆ ಅದೇ ಜಾಗದಲ್ಲಿ ಮತ್ತೆ ಕಡಿಯುತ್ತದೆ. ಕೇಬಲ್ ಸರಿಯಿದ್ದರೆ ಸ್ವಿಚ್. ಸ್ವಿಚ್ ಸರಿಯಿದ್ದರೆ ಕಾರ್ಬನ್. ಕೆಲವು ಕಂಪನಿಗಳ ಕಾರ್ಬನ್ ಒಳಗೆ ಸ್ಪ್ರಿಂಗ್ ಹಾಕಿದ ಒಂದು ಪುಟ್ಟ ಕಡ್ಡಿ ಹುದುಗಿರುತ್ತದೆ. ಕಾರ್ಬನ್ ಕನಿಷ್ಠ ಉದ್ದಕ್ಕೆ ಇಳಿದಾಗ ಆ ಕಡ್ಡಿ ಹೊರಬಂದು ಕಾರ್ಬನನ್ನು ತಾಮ್ರದಿಂದ ಎತ್ತಿಬಿಡುತ್ತದೆ, ಯಂತ್ರ ಥಟ್ಟನೆ ನಿಲ್ಲುತ್ತದೆ. ಆರ್ಮೇಚರನ್ನು ಕಾಪಾಡಲು ಮಾಡಿದ ಈ ವ್ಯವಸ್ಥೆ ಗೊತ್ತಿಲ್ಲದೆ 'ಕಾಯಿಲ್ ಹೋಯಿತು' ಎಂದು ಯಂತ್ರವನ್ನೇ ಮಾರಿಬಿಟ್ಟವರಿದ್ದಾರೆ ಎಂಬುದು ನನಗೆ ನಿಜವಾಗಿಯೂ ಸಂಕಟದ ಸಂಗತಿ.

ಕಾರ್ಬನ್ ಐದಾರು ಮಿಲಿಮೀಟರಿಗೆ ಇಳಿದರೆ ಬದಲಿಸುವ ಕಾಲ ಬಂದಿತೆಂದೇ ಲೆಕ್ಕ. ಹಲವು ಕಾರ್ಬನ್‌ಗಳ ಮೈಮೇಲೆ ಮಿತಿಯ ಗೆರೆಯೂ ಇರುತ್ತದೆ. ಒಂದು ಸವೆದು ಇನ್ನೊಂದು ಚೆನ್ನಾಗಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲವಾದರೆ ಒತ್ತಡ ಎರಡು ಕಡೆ ಸಮ ಇರುವುದಿಲ್ಲ. ಅಳತೆ ಸ್ವಲ್ಪ ದೊಡ್ಡದಾದರೆ ಉಜ್ಜಿ ಕೂರಿಸುವುದು ಅಂಗಡಿಗಳಲ್ಲಿ ನಡೆದೇ ಇದೆ. ಅಳತೆಗಿಂತ ಹೆಚ್ಚು ನೋಡಬೇಕಾದದ್ದು ಜಾತಿ. ಗಟ್ಟಿ ಜಾತಿಯ ಕಾರ್ಬನ್ ತಾನು ಸವೆಯದೆ ತಾಮ್ರವನ್ನು ಸವೆಸುತ್ತದೆ. ಕಾರ್ಬನ್ ಹೋದರೆ ಮತ್ತೊಂದು ಹಾಕಬಹುದು, ತಾಮ್ರ ಹೋದರೆ ಆರ್ಮೇಚರೇ ಹೋದಂತೆ.

ಕಪ್ಪಾದ ಕಮ್ಯುಟೇಟರನ್ನು ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ ತಾಮ್ರದ ಬಣ್ಣ ಬರಿಸಬಹುದು. ಎಮರಿ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತು ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ. ತಾಮ್ರದ ಪಟ್ಟಿಗಳ ಮಧ್ಯೆ ಅಭ್ರಕದ ತೆಳುಹಾಳೆ ಇರುತ್ತದೆ, ಅದು ತಾಮ್ರಕ್ಕಿಂತ ಒಂದು ಕೂದಲೆಳೆ ಕೆಳಗಿರಬೇಕು. ತಾಮ್ರ ಸವೆದು ಅಭ್ರಕ ಮೇಲೆದ್ದಿದ್ದರೆ ಕಾರ್ಬನ್ ಪ್ರತಿ ಪಟ್ಟಿಗೂ ಎಡವುತ್ತದೆ. ಹಳೆಯ ಕೈಗಳು ಹ್ಯಾಕ್ಸಾ ಬ್ಲೇಡಿನ ತುಂಡನ್ನು ತೆಳುವಾಗಿ ಮಸೆದು ಆ ಸಂದುಗಳನ್ನು ಒಂದೊಂದಾಗಿ ಕೆರೆದು ಇಳಿಸುತ್ತವೆ. ಕಣ್ಣಿಗೆ ಕಷ್ಟದ, ತಾಳ್ಮೆಯ ಕೆಲಸ ಅದು. ಅದಕ್ಕೆ ಕೊಡುವ ಮಜೂರಿ ತೀರಾ ಕಡಿಮೆ.

ಇಷ್ಟಾದರೂ ಕಿಡಿ ತಗ್ಗದಿದ್ದರೆ ಆರ್ಮೇಚರ್ ಪರೀಕ್ಷೆ. ಮಲ್ಟಿಮೀಟರಿನಲ್ಲಿ ಪಕ್ಕಪಕ್ಕದ ಎರಡೆರಡು ಪಟ್ಟಿಗಳ ನಡುವೆ ಅಳೆಯುತ್ತಾ ಸುತ್ತು ಬರಬೇಕು. ಎಲ್ಲ ಕಡೆ ಒಂದೇ ಅಳತೆ ಬಂದರೆ ಸಮಾಧಾನ, ಒಂದು ಕಡೆ ಮಾತ್ರ ಏರಿದರೆ ಅಲ್ಲಿ ಸುರುಳಿ ಕಡಿದಿದೆ. ಆ ಪಟ್ಟಿ ಸುಟ್ಟು ಕಪ್ಪಾಗಿರುವುದೂ ಕಣ್ಣಿಗೆ ಕಾಣುತ್ತದೆ. ಪಟ್ಟಿಗೂ ನಡುವಿನ ಉಕ್ಕಿನ ದಂಡಕ್ಕೂ ಸಂಪರ್ಕ ಬರಲೇಬಾರದು. ಒಳಗೊಳಗೇ ತಾಗಿಕೊಂಡ ಸುರುಳಿಯನ್ನು ಹುಡುಕಲು ರೀವೈಂಡಿಂಗ್ ಅಂಗಡಿಯಲ್ಲಿ ಗ್ರೋಲರ್ ಇರುತ್ತದೆ. ಎಸಿ ಕರೆಂಟಿನಲ್ಲಿ ಅಯಸ್ಕಾಂತವಾಗುವ ಅದರ ಕವಲಿನ ಮೇಲೆ ಆರ್ಮೇಚರನ್ನು ಮಲಗಿಸಿ, ಮೇಲೆ ಹ್ಯಾಕ್ಸಾ ಬ್ಲೇಡ್ ಹಿಡಿದು ನಿಧಾನ ತಿರುಗಿಸುತ್ತಾರೆ. ಕೆಟ್ಟ ಸುರುಳಿಯ ಸಂದಿನ ಮೇಲೆ ಬಂದಾಗ ಬ್ಲೇಡ್ ಝರ್ ಎಂದು ನಡುಗುತ್ತದೆ. ಇನ್ನು ಸೀರೀಸ್ ಬಲ್ಬು. ಯಂತ್ರದ ಸರಣಿಯಲ್ಲಿ ಒಂದು ಬಲ್ಬು ಹಾಕಿ ಕರೆಂಟ್ ಕೊಟ್ಟಾಗ ಬಲ್ಬು ಉರಿಯದಿದ್ದರೆ ದಾರಿ ಎಲ್ಲೋ ಕಡಿದಿದೆ. ಒಂದು ತುದಿಯನ್ನು ಲೋಹದ ಭಾಗಕ್ಕೆ ಮುಟ್ಟಿಸಿದಾಗ ಉರಿದರೆ ಬಾಡಿ ಶಾರ್ಟ್. ಬಿಚ್ಚಿ ಜೋಡಿಸಿದ ಯಂತ್ರಕ್ಕೆ ಮೊದಲ ಸಲ ಕರೆಂಟ್ ಕೊಡುವುದೂ ಬಲ್ಬಿನ ಮೂಲಕವೇ, ಒಳಗೆ ಶಾರ್ಟ್ ಇದ್ದರೆ ಭಾರ ಬಲ್ಬಿನ ಮೇಲೆ ಬೀಳಲಿ ಎಂದು. ಆದರೆ ಇದು 230 ವೋಲ್ಟ್ ತೆರೆದಿಟ್ಟ ತುದಿಗಳ ಪರೀಕ್ಷೆ. ಕೆಲಸ ಕಲಿತವರ ಕೈಗೆ ಮಾತ್ರ. ಮನೆಯಲ್ಲಿ ಮಾಡುವವರು ಮಲ್ಟಿಮೀಟರಿಗೇ ನಿಲ್ಲಲಿ.

ಫೀಲ್ಡ್ ಕಾಯಿಲ್ ಸುಟ್ಟಿದ್ದರೆ ಸುತ್ತಿಸಬಹುದು, ಸುತ್ತಿಸಿದ್ದು ಚೆನ್ನಾಗಿಯೇ ಬಾಳುತ್ತದೆ. ಆರ್ಮೇಚರಿನ ವಿಷಯದಲ್ಲಿ ನನ್ನ ಮಾತು ಬೇರೆ. ನಿಮಿಷಕ್ಕೆ ಮೂವತ್ತು ಸಾವಿರ ಸುತ್ತಿನ ಆಸುಪಾಸು ತಿರುಗುವ ವಸ್ತುವನ್ನು ಕೈಯಲ್ಲಿ ಸುತ್ತಿದರೆ ಒಂದು ಕಡೆ ಚೂರು ತೂಕ ಹೆಚ್ಚಾದರೂ ಸಾಕು, ಆ ಅಸಮತೂಕ ಬೇರಿಂಗನ್ನು ತಿಂದುಹಾಕುತ್ತದೆ. ತೂಕ ಸರಿದೂಗಿಸಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುವ ಅನುಕೂಲ ಎಲ್ಲ ಅಂಗಡಿಗೂ ಇಲ್ಲ. ನಾಲ್ಕಿಂಚಿನ ಯಂತ್ರಕ್ಕೆ ಕಂಪನಿಯ ಹೊಸ ಆರ್ಮೇಚರ್ ಸಿಗುವುದಾದರೆ ಅದನ್ನೇ ಹಾಕಿಸುವುದು ಲೇಸು. ಬೆಲೆ ಹೊಸ ಯಂತ್ರದ ಅರ್ಧ ದಾಟಿದರೆ ಮಾತ್ರ ಯೋಚಿಸಬೇಕು.

ಸುಡುವುದು ಯಾಕೆ? ತಿರುಗುತ್ತಿರುವ ಆರ್ಮೇಚರ್ ತಾನೂ ಒಂದು ಎದುರು ವೋಲ್ಟೇಜನ್ನು ಹುಟ್ಟಿಸುತ್ತಿರುತ್ತದೆ. ಒಳಗೆ ನುಗ್ಗುವ ಕರೆಂಟನ್ನು ಹತೋಟಿಯಲ್ಲಿಡುವುದು ಅದೇ. ಚಕ್ರವನ್ನು ಕಬ್ಬಿಣಕ್ಕೆ ಅದುಮಿ ವೇಗ ತಗ್ಗಿಸಿದರೆ ಆ ಎದುರು ವೋಲ್ಟೇಜ್ ತಗ್ಗುತ್ತದೆ, ಕರೆಂಟ್ ಏರುತ್ತದೆ. ತಂಪು ಮಾಡುವ ಫ್ಯಾನು ಅದೇ ದಂಡಕ್ಕೆ ಕಟ್ಟಿದ್ದರಿಂದ ಅದೂ ಅದೇ ಹೊತ್ತಿಗೆ ನಿಧಾನವಾಗುತ್ತದೆ. ಬಿಸಿ ಹೆಚ್ಚುವುದು, ಗಾಳಿ ಕಡಿಮೆಯಾಗುವುದು ಎರಡೂ ಒಟ್ಟಿಗೆ. ಚಕ್ರ ಸಿಕ್ಕಿಕೊಂಡು ಪೂರ್ತಿ ನಿಂತಾಗ ಸ್ವಿಚ್ ಒತ್ತಿಕೊಂಡೇ ಇದ್ದರೆ ತಂತಿಯ ಎನಾಮೆಲ್ ಕರಗಲು ಹೆಚ್ಚು ಹೊತ್ತು ಬೇಡ. ಹಳ್ಳಿ ಕಡೆಯ ಲೋ ವೋಲ್ಟೇಜು, ಸೈಟಿನಲ್ಲಿ ಎಲ್ಲಿಂದಲೋ ಎಳೆದ ತೆಳು ಕೇಬಲ್ಲು ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಯಂತ್ರಕ್ಕೆ ಬಲ ಸಾಲದು, ಕೆಲಸಗಾರ ಇನ್ನಷ್ಟು ಅದುಮುತ್ತಾನೆ. ಗಟ್ಟಿ ಕೆಲಸ ಮಾಡಿದ ಮೇಲೆ ಕೂಡಲೇ ಆಫ್ ಮಾಡಿ ನೆಲಕ್ಕಿಡುವ ಬದಲು ಅರ್ಧ ನಿಮಿಷ ಖಾಲಿ ಓಡಲು ಬಿಟ್ಟರೆ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಇದಕ್ಕೆ ಖರ್ಚಿಲ್ಲ.

ಇನ್ನು ಕಿವಿಯ ಮಾತು. ಪ್ಲಗ್ ಕಿತ್ತು ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಮರಳು ಅರೆದ ಹಾಗೆ ಕರಕರ ಎಂದರೆ ಬೇರಿಂಗ್. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಎಡವಿದರೆ ಗೇರಿನ ಹಲ್ಲು. ಬೇರಿಂಗಿನ ಮೈಮೇಲೆ 607, 608, 629 ಎಂಬಂಥ ಅಂಕಿಗಳು ಕೊರೆದಿರುತ್ತವೆ. ಅವು ಕಂಪನಿಯ ಗುಟ್ಟಲ್ಲ, ಜಗತ್ತಿನ ಯಾವ ಬೇರಿಂಗ್ ಅಂಗಡಿಯಲ್ಲಾದರೂ ನಡೆಯುವ ಅಳತೆ. 608 ಎಂದರೆ ಒಳತೂತು 8 ಮಿಲಿಮೀಟರ್, ಹೊರಸುತ್ತು 22, ದಪ್ಪ 7, ಅಷ್ಟೇ. ಧೂಳಿನ ಕೆಲಸಕ್ಕೆ ತಗಡಿನ ಮುಚ್ಚಳದ ಝಡ್‌ಝಡ್‌ಗಿಂತ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ ಪಡೆಯುವುದು ಒಳ್ಳೆಯದು. ಹೊಸ ಬೇರಿಂಗನ್ನು ದಂಡಕ್ಕೆ ಏರಿಸುವಾಗ ಒಳಬಳೆಯ ಮೇಲಷ್ಟೇ ಒತ್ತಡ ಬೀಳಬೇಕು. ಹೊರಬಳೆಗೆ ಸುತ್ತಿಗೆ ಏಟು ಬಿದ್ದರೆ ಒಳಗಿನ ಗುಂಡುಗಳು ತಮ್ಮ ಹಾದಿಯಲ್ಲಿ ಗುಳಿ ಬೀಳಿಸುತ್ತವೆ, ಹೊಸ ಬೇರಿಂಗ್ ಹಾಕಿದ ದಿನದಿಂದಲೇ ಸದ್ದು ಶುರು. ಗೇರು ಹೋದರೆ ಚಿಕ್ಕದು ದೊಡ್ಡದು ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಗ್ರೀಸನ್ನು ಪೆಟ್ಟಿಗೆ ತುಂಬಾ ಮೆತ್ತುವುದು ಪ್ರೀತಿಯ ಅತಿರೇಕ: ಬಿಸಿಗೆ ಕರಗಿ ಮೋಟಾರಿನ ಕಡೆ ಇಳಿದು ತಂತಿ ಸುರುಳಿಗೆ ಮೆತ್ತಿಕೊಳ್ಳುತ್ತದೆ. ಚಕ್ರ ಬಿಚ್ಚಲು ಇರುವ ಲಾಕ್ ಗುಂಡಿಯನ್ನು ಯಂತ್ರ ಇನ್ನೂ ತಿರುಗುತ್ತಿರುವಾಗ ಒತ್ತಿದವರಿಗೆ ಗೇರ್‌ಹೆಡ್ಡಿನ ಖರ್ಚು ಕಟ್ಟಿಟ್ಟದ್ದು.

ಧೂಳಿನ ಬಗ್ಗೆ ಕೊಂಚ ಹೆಚ್ಚು ಹೇಳಬೇಕು. ಗ್ರೈಂಡರ್ ಗಾಳಿಯನ್ನು ಹಿಂದಿನಿಂದ ಎಳೆದುಕೊಂಡು ಮುಂದೆ ಗೇರಿನ ಬಳಿ ಬಿಡುತ್ತದೆ. ಹಾಗಾಗಿ ಒಳಬಂದ ಧೂಳು ಮೊದಲು ಬೀಳುವುದು ಕಾರ್ಬನ್ ಮತ್ತು ಕಮ್ಯುಟೇಟರಿನ ಮೇಲೆ, ಆಮೇಲೆ ತಂತಿಯ ಮೇಲೆ. ಕಬ್ಬಿಣದ ಪುಡಿ ವಿದ್ಯುತ್ತನ್ನು ಸಾಗಿಸಿ ಶಾರ್ಟ್ ಮಾಡುತ್ತದೆ. ಕಲ್ಲಿನ ಪುಡಿ ತಂತಿಯ ಎನಾಮೆಲನ್ನು ಉಜ್ಜಿ ಉಜ್ಜಿ ತೆಗೆಯುತ್ತದೆ. ಕೆಲವರು ಕಿಂಡಿಗೆ ಬಟ್ಟೆ ಕಟ್ಟುತ್ತಾರೆ. ಧೂಳು ನಿಲ್ಲುತ್ತದೆ, ಜೊತೆಗೆ ಗಾಳಿಯೂ ನಿಂತು ಯಂತ್ರ ಬಿಸಿಯಾಗಿ ಸುಡುತ್ತದೆ. ದಿನದ ಕೊನೆಗೆ ಯಂತ್ರ ಖಾಲಿ ಓಡುತ್ತಿರುವಾಗ ಕಂಪ್ರೆಸರಿನ ಗಾಳಿಯನ್ನು ಹಿಂದಿನ ಕಿಂಡಿಗೆ ಹೊಡೆಯುವುದು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಇದಕ್ಕೆ ಇರುವ ನೆಟ್ಟಗಿನ ಪರಿಹಾರ.

ಆದರೆ ತಂತಿಯ ಎನಾಮೆಲನ್ನೇ ಸವೆಸುವ ಗ್ರಾನೈಟ್ ಧೂಳು ಯಂತ್ರ ಹಿಡಿದವನ ಶ್ವಾಸಕೋಶಕ್ಕೂ ಹೋಗುತ್ತಿದೆ. ಅದರಲ್ಲಿರುವ ಸಿಲಿಕಾದ ಸೂಕ್ಷ್ಮ ಕಣಗಳು ಶ್ವಾಸಕೋಶದಲ್ಲಿ ಗಾಯದ ಕಲೆಗಳನ್ನು ಕಟ್ಟುತ್ತವೆ. ಸಿಲಿಕೋಸಿಸ್ ಎಂಬ ಆ ಕಾಯಿಲೆಗೆ ಗುಣವಾಗುವ ಚಿಕಿತ್ಸೆಯಿಲ್ಲ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಅದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿತ್ತು. ಮನೆಯಂಗಳದಲ್ಲಿ ತಗಡಿನ ಸೂರು ಹಾಕಿಕೊಂಡು ವಿಗ್ರಹ ಕಡೆಯುವವನನ್ನು ಕಾರ್ಖಾನೆಯ ಲೆಕ್ಕಕ್ಕೆ ತೆಗೆದುಕೊಳ್ಳುವವರು ಯಾರು? ಯಂತ್ರಕ್ಕೆ ಹೊಸ ಬೇರಿಂಗ್ ಹಾಕಿಸುವಾಗಲೇ ಮೂಗಿಗೆ ಸರಿಯಾದ ಧೂಳುಮಾಸ್ಕನ್ನೂ ಕೊಳ್ಳಬೇಕು. ಹೆಗಲ ಮೇಲಿನ ಟವೆಲ್ ಮುಖಕ್ಕೆ ಸುತ್ತಿಕೊಂಡರೆ ಆ ಕಣಗಳು ನಿಲ್ಲುವುದಿಲ್ಲ. ನೀರು ಬಿಟ್ಟುಕೊಂಡು ಕತ್ತರಿಸಿದರೆ ಧೂಳು ಕಡಿಮೆ ಏಳುತ್ತದೆ ನಿಜ, ಆದರೆ ಸಾಮಾನ್ಯ ಗ್ರೈಂಡರ್ ನೀರಿಗೆ ಮಾಡಿದ್ದಲ್ಲ. ಲೇಬಲ್ ಮೇಲೆ ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದು ಎರಡು ಪದರ ನಿರೋಧನದ ಯಂತ್ರ, ಅರ್ತ್ ತಂತಿ ಇರುವುದೇ ಇಲ್ಲ. ಒಳಗೆ ನೀರು ಹೋದರೆ ಕರೆಂಟು ಕೈಗೇ ಬರುತ್ತದೆ. ನೀರಿನಲ್ಲಿ ಕೊಯ್ಯುವುದಾದರೆ ಅದಕ್ಕೆಂದೇ ಮಾಡಿದ ಯಂತ್ರ ಬೇಕು, ಬೋರ್ಡಿನಲ್ಲಿ ಕರೆಂಟ್ ಸೋರಿದೊಡನೆ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು.

ರಿಪೇರಿಯಾದ ಯಂತ್ರವನ್ನು ಗಿರಾಕಿಗೆ ಕೊಡುವಾಗ ನಾನು ನೋಡಬಯಸುವ ಒಂದು ವಸ್ತು ಗಾರ್ಡ್. ಹನ್ನೊಂದು ಸಾವಿರ ಸುತ್ತಿನಲ್ಲಿ ನಾಲ್ಕಿಂಚಿನ ಚಕ್ರದ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ, ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿದ ವೇಗ. ಕಟಿಂಗ್ ವೀಲಿನ ಮೇಲೆ ಸೆಕೆಂಡಿಗೆ 80 ಮೀಟರ್ ಎಂದು ಅಚ್ಚು ಹಾಕಿರುವುದು ಅದರ ಗರಿಷ್ಠ ಮಿತಿ. ಗಾರ್ಡ್ ಕಿತ್ತು ಐದಿಂಚಿನ ಚಕ್ರ ತೂರಿಸಿ ಹನ್ನೆರಡು ಸಾವಿರ ಸುತ್ತಿನಲ್ಲಿ ಓಡಿಸಿದರೆ ಅಂಚಿನ ವೇಗ 78 ದಾಟಿ ಆ ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ; ಚಕ್ರ ಒಡೆದರೆ ತಡೆಯಲು ಮುಂದೆ ಏನೂ ಇರುವುದಿಲ್ಲ. ಒಳ್ಳೆಯ ಕಂಪನಿಗಳ ಚಕ್ರದ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಕೊರೆದಿರುತ್ತದೆ. ಅದು ಬಳಸಬಹುದಾದ ಕೊನೆಯ ಗಡುವು, ಅಂಟು ಹಳತಾಗಿ ಸಡಿಲಾಗುತ್ತದೆ ಎಂಬ ಕಾರಣಕ್ಕೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವುದಂತೂ ಬೆರಳು ಕೈ ಕಳೆದುಕೊಳ್ಳುವ ದಾರಿ. ಗಾರ್ಡ್ ಇಲ್ಲದೆ ಬಂದ ಯಂತ್ರಕ್ಕೆ ಗಾರ್ಡ್ ಹಾಕಿಯೇ ಕೊಡುತ್ತೇನೆ ಎಂದು ಹಟ ಹಿಡಿಯುವ ಮೆಕ್ಯಾನಿಕ್ ಬಗ್ಗೆ ನನಗೆ ತುಂಬಾ ಗೌರವ.

ಈಗ ಮಾರುಕಟ್ಟೆ ಬ್ಯಾಟರಿಯ ಕಡೆ ಹೊರಳುತ್ತಿದೆ. ಬ್ರಷ್‌ಲೆಸ್ ಗ್ರೈಂಡರಿನಲ್ಲಿ ಕಾರ್ಬನ್ನೂ ಇಲ್ಲ, ಕಮ್ಯುಟೇಟರೂ ಇಲ್ಲ, ಹಾಗಾಗಿ ಇಲ್ಲಿಯವರೆಗೆ ಹೇಳಿದ ರೋಗಗಳಲ್ಲಿ ಅರ್ಧ ಅದಕ್ಕೆ ಬರುವುದಿಲ್ಲ. ತಾಂತ್ರಿಕವಾಗಿ ಅದು ಉತ್ತಮ ಮೋಟಾರು, ಸಂಶಯವಿಲ್ಲ. ಆದರೆ ಕಾರ್ಬನ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಮಾಡುತ್ತದೆ, ಧೂಳು ತೇವ ತಾಗದಿರಲೆಂದು ಅದನ್ನು ಅಂಟಿನಲ್ಲಿ ಮುಳುಗಿಸಿ ಗಟ್ಟಿ ಮಾಡಿರುತ್ತಾರೆ. ಅದರೊಳಗೆ ಒಂದು ಸಣ್ಣ ಭಾಗ ಹೋದರೂ ರೀವೈಂಡಿಂಗ್ ಅಂಗಡಿಯವನು ಬಿಚ್ಚಲಾರ. ಇಡೀ ಬೋರ್ಡನ್ನೇ ಬದಲಿಸಬೇಕು, ಅದು ಸಿಗುವುದು ಕಂಪನಿ ಕೊಟ್ಟರೆ ಮಾತ್ರ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರ್ 24ರಂದು ಒಂದು ಪೋರ್ಟಲ್ ತೆರೆಯಿತು. ಅದು ಆರಿಸಿಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲು ಮತ್ತಿತರ ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಟ್ರ್ಯಾಕ್ಟರಿಗೂ ಫ್ರಿಜ್ಜಿಗೂ ಅಲ್ಲಿ ಜಾಗ ಸಿಕ್ಕಿದೆ, ವೆಲ್ಡರಿನ, ಶಿಲ್ಪಿಯ, ಟೈಲ್ಸ್ ಕೆಲಸದವನ ಕೈಯಂತ್ರಕ್ಕೆ ಪ್ರತ್ಯೇಕ ಸಾಲಿಲ್ಲ. ಅದು ಸೇರಬೇಕು. ಬಿಡಿಭಾಗಗಳ ಚಿತ್ರಪಟ, ಭಾಗದ ಸಂಖ್ಯೆ, ಬೆಲೆಪಟ್ಟಿ ಇವು ಕನ್ನಡದಲ್ಲಿ ಸಿಗಬೇಕು. ಯಂತ್ರ ಮಾರಾಟ ನಿಲ್ಲಿಸಿದ ಮೇಲೂ ಇಂತಿಷ್ಟು ವರ್ಷ ಕಾರ್ಬನ್, ಸ್ವಿಚ್, ಆರ್ಮೇಚರ್, ಬೋರ್ಡ್ ಒದಗಿಸುತ್ತೇವೆ ಎಂದು ಕಂಪನಿಗಳು ಪೆಟ್ಟಿಗೆಯ ಮೇಲೇ ಬರೆಯಬೇಕು. ಅಷ್ಟಾಗುವವರೆಗೆ ಹೊಸ ಗ್ರೈಂಡರ್ ಕೊಳ್ಳುವವರು ಅಂಗಡಿಯಲ್ಲೇ ಒಂದು ಜೊತೆ ಅಸಲಿ ಕಾರ್ಬನ್ ಕೂಡ ಕೇಳಿ ತೆಗೆದುಕೊಳ್ಳಲಿ. ಕಾರ್ಬನ್ ಸಿಗುವುದಿಲ್ಲ ಎಂದು ಅಂಗಡಿಯವನು ಹೇಳಿದರೆ ಆ ಮಾದರಿಯನ್ನು ಅಲ್ಲೇ ಬಿಟ್ಟು, ಸಿಗುವ ಮಾದರಿ ಯಾವುದೆಂದು ಕೇಳಲಿ.